ಮುಖ ಹೆಪ್‌ಬರ್ನ್ ಅವರದು, ಕಂಠ ಯಾರದು? ಮಾರ್ನಿ ನಿಕ್ಸನ್ ಅವರ ಬದುಕು, ಕೆಲಸ

ಪ್ರಶ್ನೆ: ಈಚೆಗೆ ‘ಮೈ ಫೇರ್ ಲೇಡಿ’ ಚಿತ್ರ ನೋಡಿದೆ. ಆಡ್ರಿ ಹೆಪ್‌ಬರ್ನ್ ಎಷ್ಟು ಚೆನ್ನಾಗಿ ಹಾಡಿದ್ದಾರೆ ಎಂದು ಹೊಗಳಿದಾಗ ಗೆಳೆಯರೊಬ್ಬರು ನಕ್ಕು, ಹಾಡಿದ್ದು ಅವರಲ್ಲ, ಮಾರ್ನಿ ನಿಕ್ಸನ್ ಎಂಬಾಕೆ, ಪಾಪ, ಚಿತ್ರದಲ್ಲಿ ಆಕೆಯ ಹೆಸರನ್ನೂ ಹಾಕಲಿಲ್ಲ ಎಂದರು. ನಮ್ಮಲ್ಲಿ ಹಿನ್ನೆಲೆ ಗಾಯಕಿಯರಿಗೆ ನಾಯಕಿಯರಷ್ಟೇ ಹೆಸರಿದೆ. ಅಲ್ಲಿ ಏಕೆ ಮುಚ್ಚಿಟ್ಟರು? ರಂಗದ ಮೇಲೆ ಅವಕಾಶ ಸಿಗದೆ ಆಕೆ ಈ ಕೆಲಸಕ್ಕೆ ಬಂದರೇ? ನನ್ನ ಮಗಳು ರಂಗಸಂಗೀತ ಕಲಿಯುತ್ತಾ ಕಂಠದಾನದ ಕೆಲಸವನ್ನೂ ಮಾಡುತ್ತಿದ್ದಾಳೆ. ನಿಕ್ಸನ್ ಅವರ ಯಾವ ಕೆಲಸವನ್ನು ಅವಳು ಕೇಳಬೇಕು?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಬಹುಮಟ್ಟಿಗೆ ನಿಜ. ಆ ಚಿತ್ರದಲ್ಲಿ ಹೂ ಮಾರುವ ನಾಯಕಿ ಎಲೈಜಾ ಹಾಡುವ ಹಾಡುಗಳ ಹೆಚ್ಚಿನ ಪಾಲು ಮಾರ್ನಿ ನಿಕ್ಸನ್ ಅವರ ಕಂಠ, ಮತ್ತು ತೆರೆಯ ಮೇಲೆ ಅವರ ಹೆಸರು ಬರುವುದಿಲ್ಲ. ಒಪ್ಪಲಾಗದ್ದು ಆ ‘ಪಾಪ’ ಎಂಬ ಮಾತು ಮಾತ್ರ. ನಿಕ್ಸನ್ ಅವರ ಬಗ್ಗೆ ಬರೆಯುವವರೆಲ್ಲ ಅವರನ್ನು ಕತ್ತಲೆಯಲ್ಲಿ ಕುಳಿತು ಕಣ್ಣೀರಿಟ್ಟ ಹೆಣ್ಣುಮಗಳಂತೆ ಚಿತ್ರಿಸುತ್ತಾರೆ. ಅವರ ಬದುಕಿನ ವಿವರಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾಣುವವರು ಬೇರೆಯೇ ವ್ಯಕ್ತಿ: ಅಮೆರಿಕದ ಅತ್ಯಂತ ಪಳಗಿದ ಸುಪ್ರಾನೋಗಳಲ್ಲಿ (ಅತಿ ಎತ್ತರದ ಸ್ತ್ರೀಕಂಠದ ಗಾಯಕಿಯರಲ್ಲಿ) ಒಬ್ಬರು, ಆಧುನಿಕ ಪಾಶ್ಚಾತ್ಯ ಸಂಗೀತದ ಕಠಿಣ ಕೃತಿಗಳನ್ನು ಹಾಡಿದವರು, ರಂಗನಟಿ, ಶಿಕ್ಷಕಿ, ತಮ್ಮ ಪಾಲನ್ನು ಕೇಳಿ ಪಡೆಯಲು ಹಿಂಜರಿಯದ ವೃತ್ತಿಪರೆ. ಅವರಿಗೆ ಅನ್ಯಾಯ ಆಗಿಲ್ಲವೆಂದಲ್ಲ. ಆದದ್ದು ಕಾಗದಪತ್ರದ ಅನ್ಯಾಯ, ಕರಾರಿನ ಅನ್ಯಾಯ. ಪ್ರತಿಭೆ ಗುರುತಿಲ್ಲದೆ ಕಮರಿಹೋಯಿತು ಎಂಬ ಕಥೆಗೆ ಅವರು ಹೊಂದುವುದಿಲ್ಲ.

ಅವರು ಹುಟ್ಟಿದ್ದು 1930ರ ಫೆಬ್ರವರಿ 22ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಹಾಲಿವುಡ್ ಅಲ್ಲಿಂದ ಕೂಗಳತೆಯಲ್ಲಿದೆ ಎನ್ನಬಹುದು. ಎಳೆತನದಲ್ಲಿಯೇ ಪಿಟೀಲು ಕಲಿತರು, ಬಾಲನಟಿಯಾಗಿ ಚಿತ್ರಗಳ ಗುಂಪಿನ ದೃಶ್ಯಗಳಲ್ಲಿ ನಿಂತರು. ಹದಿಹರೆಯದಲ್ಲಿ ರೋಜರ್ ವ್ಯಾಗ್ನರ್ ಅವರ ವೃಂದಗಾನ ತಂಡದಲ್ಲಿ ಹಾಡಿದರು. ಮುಂದೆ ಒಪೆರಾದ ಮಹಾನ್ ಗಾಯಕಿಯಾದ ಮ್ಯಾರಿಲಿನ್ ಹಾರ್ನ್ ಕೂಡ ಅದೇ ತಂಡದವರು. ನಿಕ್ಸನ್ ಅವರಿಗೆ ಎರಡು ವರಗಳಿದ್ದವು. ಒಂದು, ಯಾವ ಆಧಾರ ಶ್ರುತಿಯೂ ಇಲ್ಲದೆ ಸ್ವರವನ್ನು ಗುರುತಿಸುವ, ಹಿಡಿಯುವ ಕಿವಿ. ಇನ್ನೊಂದು, ಮೊದಲ ಸಲ ಕಂಡ ಸ್ವರಲಿಪಿಯನ್ನು ನೋಡಿದ ಕೂಡಲೇ ಹಾಡುವ ಶಕ್ತಿ. ಗಂಟೆಗೆ ಇಷ್ಟು ಎಂದು ಹಣ ಸುರಿಯುವ ಧ್ವನಿಮುದ್ರಣ ಕೋಣೆಯಲ್ಲಿ ಈ ಎರಡು ಗುಣಗಳಿಗಿಂತ ಬೆಲೆಬಾಳುವುದು ಬೇರೆ ಇಲ್ಲ. ಕಂಠ ಚೆನ್ನಾಗಿರುವವರು ಲಾಸ್ ಏಂಜಲೀಸ್‌ನಲ್ಲಿ ನೂರಾರು ಜನರಿದ್ದರು. ಒಂದೇ ಸಲಕ್ಕೆ ತಪ್ಪಿಲ್ಲದೆ ಹಾಡಿ ಮನೆಗೆ ಹೋಗುವವರು ಕೆಲವರೇ.

ಎಂಜಿಎಂ ಸ್ಟುಡಿಯೋಗೆ ಅವರು ಕಾಲಿಟ್ಟಿದ್ದು ಕಾಗದಪತ್ರ ಹಂಚುವ ಹುಡುಗಿಯಾಗಿ. ಅಲ್ಲಿಯೇ ಬಾಲತಾರೆ ಮಾರ್ಗರೆಟ್ ಒಬ್ರಯನ್‌ಗೆ ಹಾಡುವ ಕಂಠ ಬೇಕಾಯಿತು. 1948ರ ‘ಬಿಗ್ ಸಿಟಿ’, 1949ರ ‘ದಿ ಸೀಕ್ರೆಟ್ ಗಾರ್ಡನ್’ ಚಿತ್ರಗಳಲ್ಲಿ ಆ ಮಗುವಿನ ಹಾಡು ನಿಕ್ಸನ್ ಅವರದು. 1953ರಲ್ಲಿ ಮ್ಯಾರಿಲಿನ್ ಮನ್ರೋ ವಜ್ರಗಳನ್ನು ಹೊಗಳಿ ಹಾಡುವ ಆ ಜಗತ್ಪ್ರಸಿದ್ಧ ಹಾಡಿನಲ್ಲಿಯೂ ತಾರಸ್ಥಾಯಿಯ ಕೆಲವು ತುಣುಕುಗಳನ್ನು ತಾವೇ ಹಾಡಿದ್ದಾಗಿ ನಿಕ್ಸನ್ ಹೇಳುತ್ತಿದ್ದರು. ಮನ್ರೋ ಕಂಠವನ್ನು ಪೂರ್ತಿ ಬದಲಿಸಲು ಸ್ಟುಡಿಯೋ ಬಯಸಿತ್ತೆಂದೂ, ಹಾಗೆ ಮಾಡಿದರೆ ಅದು ಶುದ್ಧ ಅವಿವೇಕ ಎಂದು ತಮಗೆ ಅನ್ನಿಸಿತೆಂದೂ ಅವರೇ ಹೇಳಿಕೊಂಡಿದ್ದಾರೆ. ಅವರ ಎಣಿಕೆ ಸರಿಯಾಗಿತ್ತು. ಮನ್ರೋ ಅವರ ಆ ಉಸಿರು ತುಂಬಿದ ಧ್ವನಿಯೇ ಹಾಡಿನ ಜೀವ.

ಇಷ್ಟು ಹೊತ್ತಿಗೆ ಅವರು ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಗೂ ಹೋಗಿ ಬಂದಿದ್ದರು. 1954ರ ‘ದಿ ಗರ್ಲ್ ಇನ್ ಪಿಂಕ್ ಟೈಟ್ಸ್’ ಅವರ ಮೊದಲ ಬ್ರಾಡ್‌ವೇ ಸಂಗೀತ ನಾಟಕ. ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ರಂಗದಿಂದ ಹೊರದೂಡಲ್ಪಟ್ಟು ಅವರು ಮೈಕಿನ ಮುಂದೆ ಬಂದವರಲ್ಲ. ಎರಡೂ ಕೆಲಸ ಒಟ್ಟೊಟ್ಟಿಗೆ ನಡೆಯುತ್ತಿತ್ತು.

ನಿಜವಾದ ತಿರುವು 1956ರ ‘ದಿ ಕಿಂಗ್ ಅಂಡ್ ಐ’. ಸಯಾಮಿನ ರಾಜನ ಮಕ್ಕಳಿಗೆ ಪಾಠ ಹೇಳಲು ಬರುವ ಆನಾ ಎಂಬ ಆಂಗ್ಲ ಶಿಕ್ಷಕಿಯ ಪಾತ್ರ ಡೆಬೊರಾ ಕೆರ್ ಅವರದು. ಅವರಿಗೆ ಹಾಡಲು ಮೊದಲು ಗೊತ್ತುಮಾಡಿದ್ದ ಗಾಯಕಿ ಅಪಘಾತದಲ್ಲಿ ತೀರಿಕೊಂಡದ್ದರಿಂದ ಅವಕಾಶ ನಿಕ್ಸನ್ ಪಾಲಿಗೆ ಬಂತು. ಈ ಚಿತ್ರದ ಕೆಲಸ ನಡೆದ ರೀತಿಯನ್ನು ನಿಮ್ಮ ಮಗಳು ಗಮನವಿಟ್ಟು ತಿಳಿಯಬೇಕು. ಸಾಮಾನ್ಯವಾಗಿ ಗಾಯಕಿ ಒಂದು ದಿನ ಬಂದು ಹಾಡಿ ಹೋಗುತ್ತಾಳೆ, ನಟಿ ಇನ್ನೊಂದು ದಿನ ಅದಕ್ಕೆ ತುಟಿ ಸೇರಿಸುತ್ತಾಳೆ, ಇಬ್ಬರೂ ಮುಖ ನೋಡಿಕೊಳ್ಳುವುದೇ ಇಲ್ಲ. ಇಲ್ಲಿ ಹಾಗಾಗಲಿಲ್ಲ. ಕೆರ್ ತಾಲೀಮು ಮಾಡುವಾಗ ನಿಕ್ಸನ್ ಪಕ್ಕದಲ್ಲಿಯೇ ನಿಂತಿರುತ್ತಿದ್ದರು. ಕೆರ್ ಹೇಗೆ ತಲೆಯೆತ್ತುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ವ್ಯಂಜನಗಳನ್ನು ಎಷ್ಟು ಬಿಗಿಯಾಗಿ ಉಚ್ಚರಿಸುತ್ತಾರೆ, ಕೋಪ ಬಂದಾಗ ಗದ್ದ ಹೇಗೆ ಮುಂದಕ್ಕೆ ಬರುತ್ತದೆ ಎಂಬುದನ್ನು ನೋಡಿ ತಮ್ಮ ಮೈಗೂ ಅದನ್ನು ಇಳಿಸಿಕೊಂಡರು. ಗದ್ದದ ನಿಲುವು ಬದಲಾದರೆ ಬಾಯಿಯೊಳಗಿನ ಜಾಗ ಬದಲಾಗುತ್ತದೆ, ಬಾಯಿಯೊಳಗಿನ ಜಾಗ ಬದಲಾದರೆ ಸ್ವರದ ಬಣ್ಣ ಬದಲಾಗುತ್ತದೆ. ಕಂಠ ಹೊಂದಿಸುವುದು ಎಂದರೆ ಕೇಳಿ ಅನುಕರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನಿಕ್ಸನ್ ಮೈಯನ್ನು ಅನುಕರಿಸಿದರು, ಕಂಠ ತಾನಾಗಿ ಹಿಂಬಾಲಿಸಿತು.

ಆನಾ ರಾಜನ ಮೇಲಿನ ಸಿಟ್ಟನ್ನು ತನ್ನ ಕೋಣೆಯಲ್ಲಿ ಒಬ್ಬಳೇ ಕಾರಿಕೊಳ್ಳುವ, ಕೊನೆಗೆ ಚಿತ್ರದಿಂದ ಕೈಬಿಟ್ಟು ಧ್ವನಿಮುದ್ರಿಕೆಯಲ್ಲಿ ಮಾತ್ರ ಉಳಿದ ಒಂದು ಹಾಡಿಗಾಗಿ ಇಬ್ಬರೂ ಅಕ್ಕಪಕ್ಕ ಮೈಕುಗಳ ಮುಂದೆ ನಿಂತರು. ಆಡುಮಾತಿಗೆ ಹತ್ತಿರವಿರುವ ಸಾಲುಗಳನ್ನು ಕೆರ್ ಹೇಳುವುದು, ಸ್ವರ ಏರುವ ಕಡೆ ನಿಕ್ಸನ್ ಎತ್ತಿಕೊಳ್ಳುವುದು, ಮತ್ತೆ ಮಾತಿಗೆ ಇಳಿದಾಗ ಕೆರ್‌ಗೆ ಬಿಟ್ಟುಕೊಡುವುದು. ಒಂದೇ ವಾಕ್ಯದ ಒಳಗೆ ಕೈ ಬದಲಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೂ ಬೆಸುಗೆ ಸುಲಭಕ್ಕೆ ಸಿಗುವುದಿಲ್ಲ. ಇಬ್ಬರು ನಟಿಯರು ಸೇರಿ ಒಂದು ಪಾತ್ರ ಕಟ್ಟಿದ ಉದಾಹರಣೆ ಎಂದು ನಾನು ಇದನ್ನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಕೇಳಿಸುತ್ತೇನೆ.

ಇಷ್ಟಕ್ಕೆ ಸಿಕ್ಕ ಸಂಭಾವನೆ 420 ಡಾಲರ್. ಜೊತೆಗೆ ಸ್ಟುಡಿಯೋದ ಕಡೆಯಿಂದ ಬೆದರಿಕೆ: ಈ ವಿಷಯ ಹೊರಗೆ ಬಾಯಿಬಿಟ್ಟರೆ ಈ ಊರಿನಲ್ಲಿ ನಿನಗೆ ಮತ್ತೆ ಕೆಲಸ ಸಿಗದಂತೆ ನೋಡಿಕೊಳ್ಳುತ್ತೇವೆ. ನಿಕ್ಸನ್ ಸುಮ್ಮನಿದ್ದರು. ಗುಟ್ಟು ಹೊರಹಾಕಿದವರು ಸ್ವತಃ ಡೆಬೊರಾ ಕೆರ್. ಪತ್ರಕರ್ತರ ಮುಂದೆ ಅವರು ಹಾಡಿದವರ ಹೆಸರನ್ನು ಮುಕ್ತವಾಗಿ ಹೇಳಿಬಿಟ್ಟರು. ಅದರಿಂದ ಕೆರ್ ಅವರ ಗೌರವಕ್ಕೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಆ ಪಾತ್ರಕ್ಕೆ ಅವರಿಗೆ ಶ್ರೇಷ್ಠ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನವೂ ಬಂತು. ಮರುವರ್ಷ ‘ಆ್ಯನ್ ಅಫೇರ್ ಟು ರಿಮೆಂಬರ್’ ಚಿತ್ರದಲ್ಲಿಯೂ ಕೆರ್ ಅವರಿಗೆ ನಿಕ್ಸನ್ ಅವರೇ ಹಾಡಿದರು. ತಾರೆಯೊಬ್ಬರು ಸತ್ಯ ಹೇಳಿದರೆ ಪ್ರೇಕ್ಷಕ ಮುನಿಸಿಕೊಳ್ಳುತ್ತಾನೆ ಎಂಬ ಸ್ಟುಡಿಯೋಗಳ ಭಯ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಆದರೂ ಸ್ಟುಡಿಯೋಗಳು ಪಾಠ ಕಲಿಯಲಿಲ್ಲ.

1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಡೆದದ್ದು ಇದರ ತಲೆಕೆಳಗು. ಮರಿಯಾ ಪಾತ್ರದ ನಟಾಲಿ ವುಡ್ ತಮ್ಮ ಹಾಡುಗಳನ್ನು ತಾವೇ ಹಾಡಿ ಮುದ್ರಿಸಿದರು. ಚಿತ್ರೀಕರಣದ ವೇಳೆ ತಮ್ಮದೇ ಧ್ವನಿಗೆ ತುಟಿ ಸೇರಿಸಿದರು. ಸುತ್ತ ಇದ್ದವರು ಸೊಗಸಾಗಿದೆ ಎಂದು ತಲೆದೂಗಿದರು. ಅದೇ ಹಾಡುಗಳನ್ನು ನಿಕ್ಸನ್ ಕೂಡ ಹಾಡಿಟ್ಟಿದ್ದರು. ಕೊನೆಗೆ ಉಳಿಯುವುದು ಯಾರ ಧ್ವನಿ ಎಂಬುದನ್ನು ಚಿತ್ರೀಕರಣ ಮುಗಿಯುವ ತನಕ ನಟಾಲಿಗೆ ಹೇಳಲೇ ಇಲ್ಲ. ಅವರಿಗೆ ನೋವಾದದ್ದು ಸಹಜ. ನನ್ನ ಕೇಳಿದರೆ ಈ ಪ್ರಕರಣದಲ್ಲಿ ಹೆಚ್ಚು ಮೋಸಹೋದವರು ನಟಾಲಿಯೇ. ನಿಕ್ಸನ್‌ಗೆ ತಾನು ಮಾಡುತ್ತಿರುವುದು ಏನೆಂದಾದರೂ ಗೊತ್ತಿತ್ತು.

ಇದರಿಂದ ಒಂದು ತಾಂತ್ರಿಕ ಫಜೀತಿಯೂ ಹುಟ್ಟಿತು. ತೆರೆಯ ಮೇಲಿನ ತುಟಿಗಳು ನಟಾಲಿಯ ಹಾಡುಗಾರಿಕೆಗೆ ಆಡಿದ್ದವು, ಅವರ ತಾಳದ ಏರುಪೇರುಗಳೂ ಅದರಲ್ಲಿದ್ದವು. ಈಗ ನಿಕ್ಸನ್ ಪರದೆ ನೋಡುತ್ತಾ, ಆ ತುಟಿಗಳು ತೆರೆದಾಗ ತೆರೆದು ಮುಚ್ಚಿದಾಗ ಮುಚ್ಚಿ, ಆದರೂ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ ಅವರ ಸಂಗೀತದ ಲಯ ಕೆಡದಂತೆ ಹಾಡಬೇಕಾಯಿತು. ಪೋರ್ಟೊರಿಕೊ ಹುಡುಗಿಯ ಉಚ್ಚಾರವೂ ಹೊಂದಬೇಕು. ಅಲ್ಲದೆ, ಐದು ದನಿಗಳು ಒಟ್ಟಾಗುವ ‘ಟುನೈಟ್’ ಭಾಗದಲ್ಲಿ ರೀಟಾ ಮೊರೇನೊ ಅವರ ಪಾತ್ರದ ಸಾಲುಗಳನ್ನೂ ನಿಕ್ಸನ್ ಅವರೇ ಹಾಡಿದರು. ಎಂದರೆ ಒಂದೇ ಹಾಡಿನಲ್ಲಿ ಇಬ್ಬರು ಹೆಂಗಸರಿಗೆ ಅವರದೇ ಕಂಠ. ಇದನ್ನು ಹೇಳಿದ ಮೇಲೆಯೂ ಎರಡು ಕಂಠಗಳು ಒಂದೇ ಎಂದು ಕಿವಿ ಒಪ್ಪುವುದಿಲ್ಲ.

ಈ ಸಲ ನಿಕ್ಸನ್ ಹಾಡಿ ಹಣ ತೆಗೆದುಕೊಂಡು ಹೋಗಲಿಲ್ಲ. ಧ್ವನಿಮುದ್ರಿಕೆಯ ಮಾರಾಟದಲ್ಲಿ ಪಾಲು ಕೇಳಿದರು. ನಿರ್ಮಾಪಕರು ಒಪ್ಪಲಿಲ್ಲ. ಕೊನೆಗೆ ಬರ್ನ್‌ಸ್ಟೈನ್ ತಮ್ಮ ಪಾಲಿನ ರಾಯಲ್ಟಿಯಿಂದ ಶೇಕಡಾ ಕಾಲು ಭಾಗವನ್ನು, ಎಂದರೆ ನಾಲ್ಕುನೂರರಲ್ಲಿ ಒಂದನ್ನು, ಅವರಿಗೆ ಬರೆದುಕೊಟ್ಟರು. ಕೇಳಲು ಚಿಲ್ಲರೆ ಎನ್ನಿಸಬಹುದು. ಆದರೆ ಹತ್ತು ಆಸ್ಕರ್ ಗೆದ್ದ ಆ ಚಿತ್ರದ ಹಾಡುಗಳ ಎಲ್‌ಪಿ ಮಾರಾಟವಾದ ಪ್ರಮಾಣ ನೆನೆದರೆ ಚಿಲ್ಲರೆಯಲ್ಲ. ಅದಕ್ಕಿಂತ ದೊಡ್ಡದು, ಹೆಸರಿಲ್ಲದ ಗಾಯಕಿಗೂ ಮುದ್ರಿಕೆಯ ಗಳಿಕೆಯಲ್ಲಿ ಪಾಲಿದೆ ಎಂಬುದನ್ನು ಕಾಗದದ ಮೇಲೆ ಒಪ್ಪಿದಂತಾಯಿತು.

ಇನ್ನು ‘ಮೈ ಫೇರ್ ಲೇಡಿ’. ಬ್ರಾಡ್‌ವೇಯಲ್ಲಿ ಎಲೈಜಾಳನ್ನು ಕಟ್ಟಿ ನಿಲ್ಲಿಸಿದ್ದು ಜೂಲಿ ಆಂಡ್ರೂಸ್. ಚಿತ್ರದ ಹಕ್ಕಿಗೆ 55 ಲಕ್ಷ ಡಾಲರ್ ತೆತ್ತಿದ್ದ ಸ್ಟುಡಿಯೋ ಒಡೆಯ ಜ್ಯಾಕ್ ವಾರ್ನರ್‌ಗೆ ಸಿನಿಮಾದಲ್ಲಿ ಹೆಸರಿಲ್ಲದ ಹುಡುಗಿ ಬೇಡವಾಗಿತ್ತು. ಹತ್ತು ಲಕ್ಷ ಡಾಲರ್ ಸಂಭಾವನೆಗೆ ಹೆಪ್‌ಬರ್ನ್ ಬಂದರು. ಅವರು ಹಾಡು ಕಲಿತರು, ಶ್ರಮಪಟ್ಟು ಮುದ್ರಿಸಿದರು. ಹೆಚ್ಚಿನ ಭಾಗ ನಿಕ್ಸನ್ ಅವರದಾಗುತ್ತದೆ ಎಂದು ತಿಳಿದ ದಿನ ಸೆಟ್ಟಿನಿಂದ ಹೊರನಡೆದು, ಮರುದಿನ ಬಂದು ಎಲ್ಲರ ಕ್ಷಮೆ ಕೇಳಿದರು ಎಂಬುದು ಪ್ರಸಿದ್ಧ ಪ್ರಸಂಗ.

ಹೆಪ್‌ಬರ್ನ್ ಏನೂ ಹಾಡಿಲ್ಲ ಎಂಬುದು ಮಾತ್ರ ಸರಿಯಲ್ಲ. ಎಲೈಜಾ ತನಗೆ ಉಚ್ಚಾರ ಕಲಿಸುವ ಪ್ರೊಫೆಸರ್ ಹಿಗಿನ್ಸ್‌ನನ್ನು ಶಪಿಸುವ ‘ಜಸ್ಟ್ ಯೂ ವೇಟ್’ ಹಾಡನ್ನು ಇನ್ನೊಮ್ಮೆ ಹಾಕಿ ಕೇಳಿ. ಆರಂಭದ ಕರಕರ ಎನ್ನುವ ಸಿಟ್ಟು ಹೆಪ್‌ಬರ್ನ್ ಅವರದೇ. ನಡುವೆ ಎಲೈಜಾ ತಾನು ದೊಡ್ಡ ಮನುಷ್ಯಳಾಗಿ ಅರಮನೆಗೆ ಹೋಗುವ ಹಗಲುಗನಸು ಕಾಣುವಲ್ಲಿ ಸ್ವರ ನೀಳವಾಗುತ್ತದೆ, ನುಣುಪಾಗುತ್ತದೆ. ಅದು ನಿಕ್ಸನ್. ಕನಸು ಒಡೆದು ಮತ್ತೆ ಶಾಪ ಶುರುವಾದಾಗ ಹೆಪ್‌ಬರ್ನ್ ಮರಳುತ್ತಾರೆ. ಇಲ್ಲಿ ಕಂಠ ಬದಲಾಗುವುದು ಕಥೆಗೆ ಹೊಂದಿಕೊಳ್ಳುತ್ತದೆ, ಏಕೆಂದರೆ ಕನಸಿನ ಎಲೈಜಾ ಬೇರೆಯವಳೇ.

ಆದರೆ ಒಟ್ಟಾರೆಯಾಗಿ ನನ್ನ ಅಭಿಪ್ರಾಯ ಕೇಳಿದರೆ, ನಿಕ್ಸನ್ ಅಭಿಮಾನಿಗಳು ಸಿಟ್ಟಾದರೂ ಹೇಳುತ್ತೇನೆ: ಅವರ ಮೂರು ದೊಡ್ಡ ಚಿತ್ರಗಳಲ್ಲಿ ಬೆಸುಗೆ ಅತ್ಯಂತ ಸಡಿಲವಾಗಿರುವುದು ಇದರಲ್ಲಿಯೇ. ಕೋವೆಂಟ್ ಗಾರ್ಡನ್ನಿನ ಚಳಿಯಲ್ಲಿ ಹೂ ಮಾರುವ ಹುಡುಗಿ ಬೆಚ್ಚನೆಯ ಕೋಣೆಯ ಆಸೆಪಡುವ ಹಾಡಿಗೆ ಅಷ್ಟು ತಿದ್ದಿದ ಸುಪ್ರಾನೋ ಬೇಕಿರಲಿಲ್ಲ. ಹೆಪ್‌ಬರ್ನ್ ತಾವೇ ಹಾಡಿದ್ದ ಆ ಹಾಡಿನ ಮುದ್ರಣ ಉಳಿದಿದೆ. 1990ರ ದಶಕದಲ್ಲಿ ಚಿತ್ರದ ಹಳೆಯ ಪ್ರತಿಯನ್ನು ದುರಸ್ತಿ ಮಾಡಿದ ನಂತರ ಬಂದ ಡಿವಿಡಿಗಳಲ್ಲಿ ಅದನ್ನು ಸೇರಿಸಿದ್ದಾರೆ. ಶ್ರುತಿ ಅಲ್ಲಲ್ಲಿ ತೆಳುವಾಗಿದೆ, ಮೇಲಿನ ಸ್ವರಗಳಲ್ಲಿ ಉಸಿರು ಸಾಲದು, ಆದರೆ ಹುಡುಗಿ ಅಲ್ಲಿದ್ದಾಳೆ. ರಾತ್ರಿಯಿಡೀ ಕುಣಿಯುವ ಆಸೆಯ ಹಾಡಿಗೆ ಬಂದರೆ ಮಾತು ಬೇರೆ. ಅದರ ಕೊನೆಯ ಏರಿಕೆಗೆ ನಿಕ್ಸನ್ ಅಂಥವರೇ ಬೇಕು.

ಇದೇ ಚಿತ್ರದಲ್ಲಿ ಹಿಗಿನ್ಸ್ ಪಾತ್ರದ ರೆಕ್ಸ್ ಹ್ಯಾರಿಸನ್ ಮೊದಲೇ ಹಾಡಿ ಮುದ್ರಿಸಲು ಒಪ್ಪಲಿಲ್ಲ. ಅವರಿಗಾಗಿ ಟೈಯೊಳಗೆ ನಿಸ್ತಂತು ಮೈಕ್ ಅಡಗಿಸಿ ಸೆಟ್ಟಿನಲ್ಲಿಯೇ ನೇರವಾಗಿ ಮುದ್ರಿಸಿದರು. ಗಂಡಸಿಗೆ ಹೊಸ ತಂತ್ರಜ್ಞಾನ, ಹೆಂಗಸಿಗೆ ಬದಲಿ ಕಂಠ. ಚಿತ್ರಕ್ಕೆ ಎಂಟು ಆಸ್ಕರ್ ಬಂದವು, ಅದರಲ್ಲಿ ಹ್ಯಾರಿಸನ್‌ರದೂ ಒಂದು. ಹೆಪ್‌ಬರ್ನ್‌ಗೆ ನಾಮನಿರ್ದೇಶನವೂ ಸಿಗಲಿಲ್ಲ. ಶ್ರೇಷ್ಠ ನಟಿಯಾದವರು ‘ಮೇರಿ ಪಾಪಿನ್ಸ್’ ಚಿತ್ರದ ಜೂಲಿ ಆಂಡ್ರೂಸ್. ಮೋಜೆಂದರೆ, ಅದೇ ‘ಮೇರಿ ಪಾಪಿನ್ಸ್’ನಲ್ಲಿ ಹಾಡುವ ಹೆಬ್ಬಾತುಗಳ ಕಂಠವೂ ನಿಕ್ಸನ್ ಅವರದು. ಆ ವರ್ಷದ ಆಸ್ಕರ್ ಜಗಳದ ಎರಡೂ ಪಾಳೆಯದಲ್ಲಿ ಅವರಿದ್ದರು, ಯಾವುದರಲ್ಲಿಯೂ ಕಾಣಲಿಲ್ಲ. ಚಿತ್ರ ಬಿಡುಗಡೆಯಾಗುವ ಮುನ್ನ, 1964ರಲ್ಲಿಯೇ, ನ್ಯೂಯಾರ್ಕಿನ ಸಿಟಿ ಸೆಂಟರ್ ರಂಗಮಂದಿರದಲ್ಲಿ ಅವರು ಎಲೈಜಾ ಪಾತ್ರವನ್ನು ಸ್ವತಃ ವೇಷ ಕಟ್ಟಿ ಆಡಿದ್ದರು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಮುಚ್ಚಿಡಲಿಲ್ಲ, ಅಲ್ಲಿ ಏಕೆ ಮುಚ್ಚಿಟ್ಟರು? ಮೊದಲಿಗೆ, ನಮ್ಮಲ್ಲಿಯೂ ಎಲ್ಲ ಸರಿಯಾಗಿಯೇ ಇತ್ತು ಎಂಬುದು ಭ್ರಮೆ. 1949ರ ‘ಮಹಲ್’ ಚಿತ್ರದ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, ‘ಕಾಮಿನಿ’ ಎಂದು ಚಿತ್ರದ ಪಾತ್ರದ ಹೆಸರಿತ್ತು. ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಗಾಯಕರಿಗೆ ಪ್ರತ್ಯೇಕ ವಿಭಾಗ ಬಂದದ್ದು 1959ರಲ್ಲಿ, ಅದೂ ಲತಾ ಪಟ್ಟುಹಿಡಿದ ಮೇಲೆ. ಹೆಸರು ಇಲ್ಲಿಯೂ ತಾನಾಗಿ ಬರಲಿಲ್ಲ.

ಆದರೂ ದಾರಿಗಳು ಬೇರೆಯಾದವು, ಅದಕ್ಕೆ ಕಾರಣವಿದೆ. ನಮ್ಮ ಸಿನಿಮಾ ಹಾಡು ಚಿತ್ರದಿಂದ ಕಳಚಿಕೊಂಡು ರೇಡಿಯೋದಲ್ಲಿ, ಮದುವೆ ಮನೆಯ ಧ್ವನಿವರ್ಧಕದಲ್ಲಿ ತನ್ನದೇ ಬದುಕು ಬದುಕುತ್ತದೆ. ಅಲ್ಲಿ ಮುಖವಿಲ್ಲ, ಕಂಠ ಮಾತ್ರ. ಹಾಗಾಗಿ ಕಂಠಕ್ಕೆ ಹೆಸರು ಬೇಕಾಯಿತು, ಹೆಸರಿನಿಂದ ತಟ್ಟೆ ಮಾರಾಟವಾಯಿತು. ಅಮೆರಿಕದ ಈ ಮೂರು ದೊಡ್ಡ ಚಿತ್ರಗಳೂ ಬ್ರಾಡ್‌ವೇ ನಾಟಕಗಳಿಂದ ಬಂದವು. ರಂಗದ ಮೇಲೆ ನಟಿ ತಾನೇ ಹಾಡುತ್ತಾಳೆ, ನಮ್ಮ ಗುಬ್ಬಿ ಕಂಪನಿಯ ರಂಗದ ಮೇಲೂ ಹಾಗೆಯೇ ಇತ್ತಲ್ಲ. ಆ ನಂಬಿಕೆಯನ್ನೇ ಸ್ಟುಡಿಯೋಗಳು ತೆರೆಯ ಮೇಲೆ ಮಾರಿದವು. ಎಲ್‌ಪಿ ಹೊದಿಕೆಯ ಮೇಲೆ ನಟಿಯ ಚಿತ್ರ, ಒಳಗೆ ಇನ್ನೊಬ್ಬರ ಧ್ವನಿ. ಒಪ್ಪಿಕೊಂಡರೆ ತಾರೆಯ ಬೆಲೆ ಇಳಿಯುತ್ತದೆಂಬ ಲೆಕ್ಕ. ಕಂಠಚೋರತನವನ್ನೇ ಹಾಸ್ಯದ ವಸ್ತು ಮಾಡಿಕೊಂಡ 1952ರ ‘ಸಿಂಗಿಂಗ್ ಇನ್ ದ ರೇನ್’ ಚಿತ್ರದಲ್ಲಿ, ಬೇರೆ ನಟಿಗೆ ಕಂಠ ಕೊಡುವ ಹುಡುಗಿಯ ಪಾತ್ರ ಮಾಡಿದ ಡೆಬಿ ರೆನಾಲ್ಡ್ಸ್ ಅವರಿಗೇ ಒಂದು ಹಾಡಿನಲ್ಲಿ ಬೆಟಿ ನೋಯ್ಸ್ ಎಂಬುವರು ಹಾಡಿದ್ದಾರೆ, ಹೆಸರಿಲ್ಲದೆ! ಇಂಥ ಊರಿನಿಂದ ನಾಚಿಕೆ ನಿರೀಕ್ಷಿಸುವಂತಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಕುತೂಹಲದ್ದು. ಲತಾ ಅಥವಾ ಎಸ್. ಜಾನಕಿ ಹಾಡಿದರೆ, ತೆರೆಯ ಮೇಲೆ ಯಾರೇ ಇರಲಿ, ನಾವು ಲತಾ ಅವರನ್ನು, ಜಾನಕಿ ಅವರನ್ನು ಕೇಳುತ್ತೇವೆ, ಕೇಳಲೆಂದೇ ಹೋಗುತ್ತೇವೆ. ನಿಕ್ಸನ್‌ಗೆ ಕೊಟ್ಟ ಕೆಲಸ ತದ್ವಿರುದ್ಧ: ಕೇಳಿಸಬೇಕು, ಗುರುತು ಸಿಗಬಾರದು. ಕೆರ್‌ಗೆ ಶಿಕ್ಷಕಿಯ ಗತ್ತು, ನಟಾಲಿಗೆ ಹದಿಹರೆಯದ ತವಕ, ಹೆಪ್‌ಬರ್ನ್‌ಗೆ ಲಂಡನ್ನಿನ ಬೀದಿಯಿಂದ ದೊಡ್ಡಮನೆಗೆ ಏರುವ ಉಚ್ಚಾರ. ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಹುಡುಕಿದರೆ ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲ ನೆನಪಾಗುತ್ತದೆ. ಕಂಠ ಮತ್ತು ಮುಖ ಅಷ್ಟು ಬೆಸೆದುಕೊಂಡಿದ್ದವು. ಕಂಪನಿ ನಾಟಕದಲ್ಲಿ ಪಳಗಿದ ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ತಾವೇ ಹಾಡಿ, ಮುಂದೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ನಿಮ್ಮ ಮಗಳ ಹಾದಿಗೆ ಇನ್ನೂ ಹತ್ತಿರದವರು ಬಿ. ಜಯಶ್ರೀ. ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗದ ಮೇಲೆ ಹಾಡಿ ಆಡಿದವರು, ಜೊತೆಗೆ ಹಲವು ನಾಯಕಿಯರಿಗೆ ತೆರೆಯ ಹಿಂದಿನಿಂದ ಮಾತು ಕೊಟ್ಟವರು.

ಸಿನಿಮಾದಾಚೆಗಿನ ನಿಕ್ಸನ್ ಬಗ್ಗೆ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಡೆಬೊರಾ ಕೆರ್‌ಗೆ ಹಾಡುತ್ತಿದ್ದ ವರ್ಷಗಳಲ್ಲಿಯೇ ಅವರು ಆಧುನಿಕ ಸಂಯೋಜಕ ಆಂಟನ್ ವೆಬರ್ನ್ ಅವರ ಗೀತೆಗಳನ್ನು ಹಾಡಿ ಮುದ್ರಿಸುತ್ತಿದ್ದರು. ರಾಬರ್ಟ್ ಕ್ರಾಫ್ಟ್ ನಿರ್ದೇಶನದಲ್ಲಿ ಕೊಲಂಬಿಯಾ ಸಂಸ್ಥೆ ಹೊರತಂದ ವೆಬರ್ನ್ ಸಮಗ್ರ ಕೃತಿಗಳ ಮುದ್ರಿಕೆಯಲ್ಲಿ ಅವರ ಕಂಠವಿದೆ. ವೆಬರ್ನ್ ಹಾಡುವುದೆಂದರೆ ಒಂದು ಸ್ವರದಿಂದ ಮತ್ತೊಂದಕ್ಕೆ ಕಂದಕ ಹಾರಿದಂತೆ, ಕೆಳಗೆ ಶ್ರುತಿಯ ಆಸರೆಯೂ ಇರುವುದಿಲ್ಲ. ಆರ್ನಲ್ಡ್ ಶೋಯೆನ್‌ಬರ್ಗ್ ಅವರ ಕ್ಯಾಬರೆ ಗೀತೆಗಳಿಗೆ, ಎಮಿಲಿ ಡಿಕಿನ್‌ಸನ್ ಕವಿತೆಗಳಿಗೆ ಏರನ್ ಕೋಪ್ಲೆಂಡ್ ಕೂಡಿಸಿದ ಸಂಗೀತಕ್ಕೆ ಅವರಿಗೆ ಗ್ರ್ಯಾಮಿ ನಾಮನಿರ್ದೇಶನಗಳು ಬಂದವು. ಈ ಮುದ್ರಿಕೆಗಳ ಮೇಲೆ ಹೆಸರು ಸ್ಪಷ್ಟವಾಗಿಯೇ ಇತ್ತು. ಕೇಳುಗರು ಬೇರೆ, ಅಷ್ಟೇ. ಮೊದಲ ಪತಿ ಅರ್ನೆಸ್ಟ್ ಗೋಲ್ಡ್ ‘ಎಕ್ಸೋಡಸ್’ ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದವರು, ಮಗ ಆಂಡ್ರೂ ಗೋಲ್ಡ್ 1970ರ ದಶಕದ ಜನಪ್ರಿಯ ಗಾಯಕ ಹಾಗೂ ಗೀತರಚನೆಕಾರ.

1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ನಲ್ಲಿ ಕೊನೆಗೂ ಅವರ ಮುಖ ಕಾಣುತ್ತದೆ. ಸಿಸ್ಟರ್ ಸೋಫಿಯಾ ಎಂಬ ಸಣ್ಣ ಪಾತ್ರ. ಮಠದ ಅಂಗಳದಲ್ಲಿ ಸನ್ಯಾಸಿನಿಯರು ಈ ಚಿತ್ರದ ನಾಯಕಿ ಮರಿಯಾಳ ತುಂಟತನದ ಬಗ್ಗೆ ಹಾಡಿ ದೂರುವಾಗ ಅವರನ್ನು ನೋಡಬಹುದು. ನಿರ್ದೇಶಕ ರಾಬರ್ಟ್ ವೈಸ್ ‘ವೆಸ್ಟ್ ಸೈಡ್ ಸ್ಟೋರಿ’ಯ ಇಬ್ಬರು ನಿರ್ದೇಶಕರಲ್ಲಿ ಒಬ್ಬರು. ನಾಯಕಿ ಜೂಲಿ ಆಂಡ್ರೂಸ್. ತನ್ನ ಕೈತಪ್ಪಿದ ಪಾತ್ರಕ್ಕೆ ಹಾಡಿದವರನ್ನು ಜೂಲಿ ಹೇಗೆ ಕಾಣುತ್ತಾರೋ ಎಂದು ಸೆಟ್ಟಿನಲ್ಲಿ ಎಲ್ಲರಿಗೂ ಅಳುಕು. ಜೂಲಿ ನೇರ ನಡೆದುಬಂದು ಕೈಕುಲುಕಿ, ನಾನು ನಿಮ್ಮ ಅಭಿಮಾನಿ ಎಂದರಂತೆ. ಆ ದೃಶ್ಯದಲ್ಲಿ ಇನ್ನೊಂದು ವಿನೋದವಿದೆ. ಮಠದ ಹಿರಿಯ ತಾಯಿಯಾಗಿರುವ ಪೆಗಿ ವುಡ್ ಯೌವನದಲ್ಲಿ ಸಂಗೀತ ನಾಟಕಗಳ ದೊಡ್ಡ ತಾರೆ. ಚಿತ್ರದಲ್ಲಿ ಅವರ ಹಾಡಿಗೆ ಮಾರ್ಜರಿ ಮೆಕೇ ಅವರ ಕಂಠ. ಊರಿಗೆಲ್ಲ ಕಂಠ ಕೊಟ್ಟವರು ಆ ಅಂಗಳದಲ್ಲಿ ತಮ್ಮ ಮುಖದಿಂದಲೇ ಹಾಡುತ್ತಿದ್ದರೆ, ಪಕ್ಕದಲ್ಲಿ ಹಳೆಯ ಗಾಯಕಿ ಎರವಲು ಕಂಠಕ್ಕೆ ತುಟಿ ಆಡಿಸುತ್ತಿದ್ದಾರೆ.

ನಂತರದ ದಶಕಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಗಾಯನ ಕಲಿಸಿದರು. ಸಿಯಾಟಲ್‌ನಲ್ಲಿ ‘ಬೂಮರಾಂಗ್’ ಎಂಬ ಮಕ್ಕಳ ದೂರದರ್ಶನ ಕಾರ್ಯಕ್ರಮ ನಡೆಸಿ ನಾಲ್ಕು ಪ್ರಾದೇಶಿಕ ಎಮ್ಮಿ ಪ್ರಶಸ್ತಿ ಪಡೆದರು. ಲಿಬರಾಚಿ, ವಿಕ್ಟರ್ ಬೋರ್ಗೆ ಜೊತೆ ಪ್ರವಾಸ ಮಾಡಿದರು. 1998ರ ‘ಮುಲಾನ್’ ಚಿತ್ರದಲ್ಲಿ ಅಜ್ಜಿಯ ಹಾಡು ಅವರದು, ಅಜ್ಜಿಯ ಮಾತು ಜೂನ್ ಫೋರೇ ಎಂಬ ಮತ್ತೊಬ್ಬ ಮಹಾನ್ ಕಂಠನಟಿಯದು. ಅದೇ ಚಿತ್ರದಲ್ಲಿ ಮುಲಾನ್‌ಗೆ ಹಾಡಿದ್ದು ಲಿಯಾ ಸಲೋಂಗಾ, ಮಾತಾಡಿದ್ದು ಮಿಂಗ್-ನಾ ವೆನ್. ಈ ಹೊತ್ತಿಗೆ ಇಬ್ಬರ ಹೆಸರೂ ತೆರೆಯ ಮೇಲೆ ಬರುತ್ತಿತ್ತು. ಎಪ್ಪತ್ತರ ಹೊಸ್ತಿಲಲ್ಲಿ ಜೇಮ್ಸ್ ಜಾಯ್ಸ್ ಕಥೆಯನ್ನು ಆಧರಿಸಿದ ‘ದಿ ಡೆಡ್’ ಸಂಗೀತ ನಾಟಕದೊಂದಿಗೆ ಬ್ರಾಡ್‌ವೇಗೆ ಮರಳಿದರು. ಆಮೇಲೆ ‘ಫಾಲೀಸ್’, ‘ನೈನ್’ ನಾಟಕಗಳ ಮರುಪ್ರದರ್ಶನಗಳಲ್ಲಿ ಆಡಿದರು. ಸ್ತನ ಕ್ಯಾನ್ಸರ್ ಬಂದು ಹೋಗಿತ್ತು, ಕೆಲಸ ನಿಂತಿರಲಿಲ್ಲ. 2007ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಪ್ರಸ್ತುತಪಡಿಸಿದ ‘ಮೈ ಫೇರ್ ಲೇಡಿ’ಯಲ್ಲಿ ಹಿಗಿನ್ಸ್‌ನ ತಾಯಿಯ ಪಾತ್ರ ವಹಿಸಿದರು. ಆ ಪಾತ್ರಕ್ಕೆ ಹಾಡೇ ಇಲ್ಲ, ಬರೀ ಮಾತು. ತೀರಿಕೊಂಡದ್ದು 2016ರ ಜುಲೈ 24ರಂದು, ನ್ಯೂಯಾರ್ಕಿನಲ್ಲಿ, 86ನೆಯ ವಯಸ್ಸಿನಲ್ಲಿ.

ನಿಮ್ಮ ಮಗಳು ಮೊದಲು ‘ದಿ ಕಿಂಗ್ ಅಂಡ್ ಐ’ನಿಂದ ಶುರುಮಾಡಲಿ. ಮೊದಲ ಸಲ ಚಿತ್ರ ನೋಡದೆ ಕೇಳಲಿ, ಎರಡನೆಯ ಸಲ ಧ್ವನಿ ತೆಗೆದು ಕೆರ್ ಅವರ ಗದ್ದ, ಹೆಗಲು, ಎದೆಯ ಏರಿಳಿತ ಮಾತ್ರ ನೋಡಲಿ, ಮೂರನೆಯ ಸಲ ಎರಡನ್ನೂ ಸೇರಿಸಲಿ. ಉಸಿರು ಎಲ್ಲಿ ಬೀಳುತ್ತದೆ ಎಂಬುದನ್ನು ಸಾಹಿತ್ಯದ ಹಾಳೆಯ ಮೇಲೆ ಗುರುತು ಹಾಕಿಕೊಳ್ಳಲಿ. ಆಮೇಲೆ ‘ಮೈ ಫೇರ್ ಲೇಡಿ’ಯ ಹೂ ಮಾರುವ ಹುಡುಗಿಯ ಹಾಡನ್ನು ಹೆಪ್‌ಬರ್ನ್ ಕಂಠದಲ್ಲಿ, ನಿಕ್ಸನ್ ಕಂಠದಲ್ಲಿ ಒಂದರ ಹಿಂದೊಂದು ಕೇಳಿ, ತಾನಾಗಿದ್ದರೆ ಯಾವುದನ್ನು ಇಟ್ಟುಕೊಳ್ಳುತ್ತಿದ್ದೆ ಎಂದು ತೀರ್ಮಾನಿಸಲಿ. ನನ್ನ ತೀರ್ಮಾನ ಮೇಲೆ ಹೇಳಿದ್ದೇನೆ, ಅವಳು ಒಪ್ಪಬೇಕಾಗಿಲ್ಲ. ವೆಬರ್ನ್ ಗೀತೆಗಳು ಈಗಲೇ ರುಚಿಸದಿದ್ದರೆ ಬಲವಂತ ಬೇಡ, ಕೋಪ್ಲೆಂಡ್ ಅವರ ಡಿಕಿನ್‌ಸನ್ ಗೀತೆಗಳು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತವೆ.

ನಿಕ್ಸನ್ ಅವರ ಆತ್ಮಕಥೆ ‘ಐ ಕುಡ್ ಹ್ಯಾವ್ ಸಂಗ್ ಆಲ್ ನೈಟ್’ 2006ರಲ್ಲಿ ಸ್ಟೀಫನ್ ಕೋಲ್ ಜೊತೆಗೂಡಿ ಬರೆದದ್ದು. ಅದನ್ನೂ ಓದಿಸಿ. ಮುಂದಿನ ಸಲ ಅವಳು ಕಂಠದಾನಕ್ಕೆ ಸಹಿ ಹಾಕುವ ಮುನ್ನ ಕರಾರಿನಲ್ಲಿ ಎರಡು ಸಾಲು ಹುಡುಕಲಿ: ಹೆಸರು ಎಲ್ಲಿ ಬರುತ್ತದೆ, ಮತ್ತು ಆ ಧ್ವನಿಯನ್ನು ಬೇರೆಡೆ ಮರುಬಳಕೆ ಮಾಡಿದರೆ ಹಣ ಯಾರಿಗೆ. ಈಗ ಯಂತ್ರಕ್ಕೆ ಒಂದಿಷ್ಟು ಧ್ವನಿ ತಿನ್ನಿಸಿ ಇಡೀ ಪಾತ್ರವನ್ನೇ ಮಾತಾಡಿಸುವ ಕಾಲ. ಎರಡನೆಯ ಸಾಲು ಇಲ್ಲದಿದ್ದರೆ ಬರೆಸಿದ ಮೇಲೆಯೇ ಮೈಕಿನ ಮುಂದೆ ನಿಲ್ಲಲಿ.